ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್: ಕಲಿಕೆಯ ಸಾಹಿತ್ಯ ನಡೆದು ಬಂದ ದಾರಿ

ಪ್ರೋಗ್ರಾಮ್ ರಚನೆಯ ವಿದ್ಯೆಯನ್ನು ಕುರಿತ ಗ್ರಂಥಗಳಲ್ಲಿ ಎರಡು ಬಗೆಗಳುಂಟು. ಭಾಷೆಯೊಂದರ ರೂಪನಿಯಮಗಳನ್ನು ವಿವರಿಸಿ, ಕ್ಲಾಸನ್ನು ಹೀಗೆ ಬರೆಯತಕ್ಕದ್ದು, ಇನ್‌ಹೆರಿಟೆನ್ಸನ್ನು ಹೀಗೆ ಸೂಚಿಸತಕ್ಕದ್ದು ಎಂದು ತಿಳಿಸಿ ಅಷ್ಟಕ್ಕೆ ತೃಪ್ತಿ ಹೊಂದುವುದು ಮೊದಲನೆಯ ಬಗೆ. ಹಾಗೆ ಬರೆದ ಪ್ರೋಗ್ರಾಮು ಹತ್ತು ಹದಿನೈದು ವರ್ಷ ಬಾಳಬೇಕಾದರೆ, ಅದನ್ನು ಬರೆದವರು ಬೇರೆ ಕೆಲಸಕ್ಕೆ ಹೊರಟುಹೋದ ಮೇಲೂ ಅಪರಿಚಿತರ ಕೈಯಲ್ಲಿ ಅದು ಕೆಡದೆ ಬದಲಾಗಬೇಕಾದರೆ, ಯಾವ ಹೊಣೆಯನ್ನು ಯಾವ ಆಬ್ಜೆಕ್ಟಿಗೆ ವಹಿಸಬೇಕು, ಯಾವ ನಿರ್ಧಾರವನ್ನು ಯಾವುದರ ಒಳಗೆ ಮರೆಯಾಗಿ ಇರಿಸಬೇಕು ಎಂಬ ವಿವೇಚನೆಯನ್ನು ಓದುಗನಲ್ಲಿ ಬೆಳೆಸಲು ಪ್ರಯತ್ನಿಸುವುದು ಎರಡನೆಯದು. ಮೊದಲನೆಯ ಬಗೆಯ ಪುಸ್ತಕಗಳು ಅಸಂಖ್ಯಾತ. ಭಾಷೆ ಹಳೆಯದಾದೊಡನೆ ಅವೂ ಹಳೆಯವಾಗುತ್ತವೆ. ಎರಡನೆಯ ಬಗೆಯವು ವಿರಳ. ಅವುಗಳಲ್ಲಿ ಕೆಲವು ಅರ್ಧ ಶತಮಾನ ಕಳೆದರೂ ತಮ್ಮ ಸತ್ತ್ವವನ್ನು ಉಳಿಸಿಕೊಂಡಿವೆ. ಈ ವಿರಳ ಸಾಹಿತ್ಯ ಹೇಗೆ ಹುಟ್ಟಿ ಹೇಗೆ ಬೆಳೆಯಿತೆಂಬುದನ್ನು ಸಮೀಕ್ಷಿಸುವುದು ಈ ಲೇಖನದ ಉದ್ದೇಶ. ಸಿದ್ಧವಾದ ವಿನ್ಯಾಸವನ್ನು ತೋರಿಸುವುದರಿಂದ ಪ್ರಾರಂಭವಾದ ಈ ಸಾಹಿತ್ಯ, ವಿನ್ಯಾಸವು ಬದಲಾಗುವ ಪರಿಯನ್ನೇ ತೋರಿಸುವ ಹಂತಕ್ಕೆ ಬಂದು ಮುಟ್ಟಿದೆ ಎಂಬುದೂ, ಕಲಿಯುವವರಿಗೆ ನಿಜವಾದ ಪ್ರಯೋಜನ ದೊರೆತದ್ದು ಈ ಎರಡನೆಯ ಹಂತದಲ್ಲಿಯೇ ಎಂಬುದೂ ನನ್ನ ಅಭಿಪ್ರಾಯ.

ಈ ಪದ್ಧತಿಯ ಜನ್ಮಸ್ಥಾನ ನಾರ್ವೆಯ ಆಸ್ಲೋ ನಗರ. ಅಲ್ಲಿಯ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್ ಎಂಬ ಸಂಸ್ಥೆಯಲ್ಲಿ ಕ್ರಿಸ್ಟನ್ ನೈಗಾರ್ಡ್ ಮತ್ತು ಓಲೆ-ಯೋಹಾನ್ ಡಾಲ್ ಎಂಬಿಬ್ಬರು ವಿದ್ವಾಂಸರು, ಸರದಿಯಲ್ಲಿ ನಿಂತ ಗಿರಾಕಿಗಳು, ಯಂತ್ರದಿಂದ ಯಂತ್ರಕ್ಕೆ ಸಾಗುವ ಸರಕುಗಳು ಮೊದಲಾದ ಲೋಕವ್ಯಾಪಾರಗಳನ್ನು ಕಂಪ್ಯೂಟರಿನೊಳಗೆ ಅನುಕರಿಸಿ ನೋಡುವ ಸಲುವಾಗಿ ರಚಿಸಿದ ಸಿಮ್ಯುಲಾ ಭಾಷೆ, 1967ರ ತನ್ನ ಪರಿಷ್ಕೃತ ರೂಪದಲ್ಲಿ ಕ್ಲಾಸ್ ಮತ್ತು ಸಬ್‌ಕ್ಲಾಸ್ ಎಂಬ ಕಲ್ಪನೆಗಳನ್ನು ಮೊಟ್ಟಮೊದಲು ಪ್ರಪಂಚದ ಮುಂದಿರಿಸಿತು. ಹೊರಗಿನ ಲೋಕದಲ್ಲಿ ಯಾವ ಯಾವ ಪಾತ್ರಗಳಿವೆಯೋ ಆ ಪಾತ್ರಗಳನ್ನೇ ಪ್ರೋಗ್ರಾಮಿನಲ್ಲಿಯೂ ನಿಲ್ಲಿಸಬಹುದು ಎಂಬ ಆಲೋಚನೆ ಅನುಕರಣದ ಅಗತ್ಯದಿಂದಲೇ ಸಹಜವಾಗಿ ಮೂಡಿದ್ದು. ಡಾಲ್ ಅವರು ಹೋರ್ ಎಂಬ ವಿದ್ವಾಂಸರೊಡನೆ ಬರೆದ ದೀರ್ಘ ಪ್ರಬಂಧ, 1972ರಲ್ಲಿ ಪ್ರಕಟವಾದ ‘ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್’ ಎಂಬ ಗ್ರಂಥದ ಮೂರನೆಯ ಭಾಗವಾಗಿ ಬಂದಿತು. ಮರುವರ್ಷ ‘ಸಿಮ್ಯುಲಾ ಬಿಗಿನ್’ ಎಂಬ ಪಠ್ಯಪುಸ್ತಕವೂ ಹೊರಬಿದ್ದಿತು. ಈ ಕ್ಷೇತ್ರದ ಪ್ರಥಮ ಪಾಠಗಳೆಂದು ಇವನ್ನು ಗಣಿಸಬಹುದಾದರೂ, ಇವುಗಳನ್ನು ಓದಿದವರು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳ ಪಂಡಿತರೇ ಹೊರತು ದೈನಂದಿನ ವ್ಯವಹಾರದ ಪ್ರೋಗ್ರಾಮುಗಳನ್ನು ಬರೆಯುವವರಲ್ಲ.

ಅದೇ 1972ರ ಡಿಸೆಂಬರಿನಲ್ಲಿ ಅಮೆರಿಕದ ಎಸಿಎಮ್ ಸಂಘದ ಮಾಸಪತ್ರಿಕೆಯಲ್ಲಿ ಡೇವಿಡ್ ಪಾರ್ನಸ್ ಅವರ ಒಂದು ಲೇಖನ ಪ್ರಕಟವಾಯಿತು. ಅದು ಕೇವಲ 6 ಪುಟಗಳ ಬರಹ; ಆಬ್ಜೆಕ್ಟ್ ಎಂಬ ಮಾತಿನ ಸುತ್ತ ಕಟ್ಟಿದ್ದೂ ಅಲ್ಲ. ಆದರೂ ಈ ಮಾರ್ಗದಲ್ಲಿ ಮುಂದುವರಿಯಬಯಸುವವರು ಓದಬೇಕಾದ ಮೊದಲನೆಯ ಬರಹ ಯಾವುದೆಂದು ಯಾರಾದರೂ ಕೇಳಿದರೆ ನಾನು ನಿಸ್ಸಂಶಯವಾಗಿ ಇದನ್ನೇ ಹೆಸರಿಸುವೆನು. ವಾಕ್ಯಗಳಲ್ಲಿರುವ ಪದಗಳ ಅನುಕ್ರಮಣಿಕೆಯನ್ನು ಸಿದ್ಧಪಡಿಸುವ ಒಂದು ಚಿಕ್ಕ ಸಮಸ್ಯೆಯನ್ನು ತೆಗೆದುಕೊಂಡು ಪಾರ್ನಸ್ ಅದನ್ನು ಎರಡು ವಿಧವಾಗಿ ಬಿಡಿಸಿ ತೋರಿಸುತ್ತಾರೆ: ಮೊದಲು ಓದು, ಆಮೇಲೆ ತಿರುಗಿಸು, ಆಮೇಲೆ ವಿಂಗಡಿಸು, ಕಡೆಗೆ ಮುದ್ರಿಸು ಎಂದು ಕೆಲಸದ ಅನುಕ್ರಮವನ್ನೇ ಅನುಸರಿಸಿ ಭಾಗ ಮಾಡುವುದು ಒಂದು ವಿಧ, ಮುಂದೆ ಬದಲಾಗಬಹುದಾದ ನಿರ್ಧಾರಗಳು ಯಾವುವೆಂದು ಪಟ್ಟಿ ಮಾಡಿ, ಒಂದೊಂದು ನಿರ್ಧಾರವನ್ನು ಒಂದೊಂದು ಭಾಗದೊಳಗೆ ಹುದುಗಿಸಿಡುವುದು ಇನ್ನೊಂದು ವಿಧ. ವಾಕ್ಯಗಳನ್ನು ಸಂಗ್ರಹಿಸಿಡುವ ಕ್ರಮವೊಂದು ಬದಲಾದರೆ ಸಾಕು, ಮೊದಲನೆಯ ವಿಧದಲ್ಲಿ ಎಲ್ಲ ಭಾಗಗಳನ್ನೂ ತಿದ್ದಬೇಕಾಗುತ್ತದೆ. ಎರಡನೆಯದರಲ್ಲಿ ಒಂದೇ ಒಂದನ್ನು ತಿದ್ದಿದರೆ ಮುಗಿಯಿತು. ಒಂದು ವಿನ್ಯಾಸ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಅದರ ಇಂದಿನ ಅಂದದಿಂದ ಅಳೆಯಲಾಗದು, ನಾಳಿನ ಬದಲಾವಣೆಯನ್ನು ಅದರ ಮುಂದಿಟ್ಟು ಅಳೆಯಬೇಕು ಎಂಬ ತತ್ತ್ವವನ್ನು ಇಷ್ಟು ಮಿತವಾದ ಮಾತಿನಲ್ಲಿ ಹೇಳಿದ ಬರಹ ಮತ್ತೊಂದಿಲ್ಲ.

ಆ ದಶಕದಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ, ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ, ಆಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಸ್ಮಾಲ್‌ಟಾಕ್ ಭಾಷೆಯನ್ನು ರೂಪಿಸುವುದರಲ್ಲಿ ತೊಡಗಿದ್ದರು. ಜೀವಶಾಸ್ತ್ರದ ಅಭ್ಯಾಸವೂ ಇದ್ದ ಕೇ ಅವರ ಕಣ್ಣಿಗೆ ಆಬ್ಜೆಕ್ಟುಗಳು ಪರಸ್ಪರ ಸಂದೇಶಗಳನ್ನು ಕಳುಹಿಸಿಕೊಂಡು ಬದುಕುವ ಜೀವಕೋಶಗಳಂತೆ ತೋರಿದವು. ಕಂಪ್ಯೂಟರು ಮಕ್ಕಳ ಕೈಗೂ ಸಿಗುವ ಕಲಿಕೆಯ ಸಾಧನವಾಗಬೇಕೆಂಬುದು ಅವರ ಹಂಬಲವಾಗಿದ್ದುದರಿಂದ, ಈ ಭಾಷೆ ತನ್ನ ಮೊಳಕೆಯಲ್ಲಿಯೇ ಶಿಕ್ಷಣದ ಸಂಸ್ಕಾರವನ್ನು ಪಡೆದುಕೊಂಡಿತು. 1981ರ ಆಗಸ್ಟಿನಲ್ಲಿ ‘ಬೈಟ್’ ಪತ್ರಿಕೆ ಸ್ಮಾಲ್‌ಟಾಕಿಗೆಂದೇ ಒಂದು ವಿಶೇಷ ಸಂಚಿಕೆಯನ್ನು ಮೀಸಲಿಟ್ಟು, ಮುಖಪುಟದಲ್ಲಿ ಬಣ್ಣದ ಬಿಸಿಗಾಳಿ ಬಲೂನಿನ ಚಿತ್ರವನ್ನು ಅಚ್ಚುಮಾಡಿತು. ಪ್ರಯೋಗಾಲಯದ ಗೋಡೆಗಳೊಳಗಿದ್ದ ವಿದ್ಯೆ ಸಾಮಾನ್ಯ ಆಸಕ್ತರ ಮನೆಗೆ ಕಾಲಿಟ್ಟದ್ದು ಈ ಸಂಚಿಕೆಯಿಂದಲೇ. ಗೋಲ್ಡ್‌ಬರ್ಗ್ ಮತ್ತು ಡೇವಿಡ್ ರಾಬ್ಸನ್ 1983ರಲ್ಲಿ ಬರೆದ ಸ್ಮಾಲ್‌ಟಾಕ್-80ರ ಪ್ರಮಾಣಗ್ರಂಥವನ್ನು ಅಭ್ಯಾಸಿಗಳು ಇಂದಿಗೂ ‘ನೀಲಿ ಪುಸ್ತಕ’ವೆಂದೇ ಕರೆಯುತ್ತಾರೆ.

ಬೆಲ್ ಪ್ರಯೋಗಾಲಯದಲ್ಲಿ ಬ್ಯಾರ್ನೆ ಸ್ಟ್ರಾಸ್ಟ್ರಪ್ ಅವರು 1979ರಲ್ಲಿ ತೊಡಗಿದ ಕೆಲಸ ಸಿ ಪ್ಲಸ್ ಪ್ಲಸ್ ಎಂಬ ಹೆಸರು ತಳೆದು, 1985ರಲ್ಲಿ ಅವರದೇ ಗ್ರಂಥದ ಮೂಲಕ ಪ್ರಸಿದ್ಧಿಗೆ ಬಂದ ಮೇಲೆ, ಉದ್ಯಮ ಈ ಮಾರ್ಗಕ್ಕೆ ಹೊರಳಿತು. ಮರುವರ್ಷ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಊಪ್ಸ್‌ಲಾ ಎಂಬ ಸಮ್ಮೇಳನ ಮೊದಲ ಸಲ ನೆರೆಯಿತು. ಅಲ್ಲಿಂದ ಮುಂದಿನ ದಶಕದಲ್ಲಿ ಈ ವಿದ್ಯೆಯ ಮುಖ್ಯ ವಿಚಾರಗಳಲ್ಲಿ ಬಹುಪಾಲು ಆ ವಾರ್ಷಿಕ ಸಭೆಯಲ್ಲಿಯೇ ಚರ್ಚೆಗೆ ಬಂದವು. ಆಬ್ಜೆಕ್ಟನ್ನು ಆಧರಿಸಿದ ವಿನ್ಯಾಸಕ್ಕೆ ಶಾಸ್ತ್ರದ ಗಾಂಭೀರ್ಯವನ್ನು ತಂದುಕೊಟ್ಟವರು ಮಾತ್ರ ಬರ್ಟ್ರಂಡ್ ಮೆಯರ್. ಐಫೆಲ್ ಭಾಷೆಯ ಕರ್ತೃವಾದ ಇವರು 1988ರಲ್ಲಿ ಪ್ರಕಟಿಸಿದ ‘ಆಬ್ಜೆಕ್ಟ್-ಓರಿಯೆಂಟೆಡ್ ಸಾಫ್ಟ್‌ವೇರ್ ಕನ್‌ಸ್ಟ್ರಕ್ಷನ್’, 1997ರ ಎರಡನೆಯ ಆವೃತ್ತಿಯಲ್ಲಿ 1200 ಪುಟಗಳನ್ನೂ ಮೀರಿ ಬೆಳೆಯಿತು. ಸೇವೆಯನ್ನು ಬೇಡುವ ಆಬ್ಜೆಕ್ಟು ಯಾವ ಪೂರ್ವನಿಬಂಧನೆಯನ್ನು ಪಾಲಿಸಬೇಕು, ಸೇವೆಯನ್ನು ನೀಡುವ ಆಬ್ಜೆಕ್ಟು ಪ್ರತಿಯಾಗಿ ಯಾವ ಫಲದ ಭರವಸೆಯನ್ನು ಕೊಡಬೇಕು ಎಂಬುದನ್ನು ಕರಾರುಪತ್ರದಂತೆ ಕೋಡಿನಲ್ಲಿಯೇ ಬರೆದಿಡಬೇಕೆಂಬ ಅವರ ಸಿದ್ಧಾಂತವನ್ನು, ಐಫೆಲ್ ಭಾಷೆಯನ್ನು ಎಂದೂ ಮುಟ್ಟದವರೂ ಅಧ್ಯಯನ ಮಾಡತಕ್ಕದ್ದು. ಇದಕ್ಕೆ ಸಮೀಪವಾದ ಮತ್ತೊಂದು ವಿಚಾರವನ್ನು ಬಾರ್ಬರಾ ಲಿಸ್ಕೋವ್ ಅವರು 1987ರ ಊಪ್ಸ್‌ಲಾ ಭಾಷಣದಲ್ಲಿ ಮಂಡಿಸಿದರು: ಮೂಲ ಕ್ಲಾಸಿನ ಆಬ್ಜೆಕ್ಟು ನಿಲ್ಲುವ ಕಡೆಯಲ್ಲೆಲ್ಲ ಅದರಿಂದ ಹುಟ್ಟಿದ ಕ್ಲಾಸಿನ ಆಬ್ಜೆಕ್ಟನ್ನು ನಿಲ್ಲಿಸಿದರೂ ಪ್ರೋಗ್ರಾಮಿನ ನಡತೆಗೆ ಭಂಗ ಬರಬಾರದು. ಗಣಿತದಲ್ಲಿ ಚೌಕವು ಆಯತದ ಒಂದು ಭೇದವೇ ಆಗಿದ್ದರೂ, ಅಗಲವನ್ನೂ ಉದ್ದವನ್ನೂ ಬೇರೆಬೇರೆಯಾಗಿ ಬದಲಾಯಿಸಬಹುದಾದ ಆಯತದ ಕ್ಲಾಸಿನಿಂದ ಚೌಕದ ಕ್ಲಾಸನ್ನು ಹುಟ್ಟಿಸಿದರೆ ಅನರ್ಥವಾಗುತ್ತದೆ ಎಂಬ ಪ್ರಸಿದ್ಧ ಉದಾಹರಣೆ ಈ ವಿಚಾರದ ವಿವರಣೆಗೆಂದೇ ಬಳಕೆಗೆ ಬಂದದ್ದು. ಇನ್‌ಹೆರಿಟೆನ್ಸ್ ಎಂಬುದು ಹೋಲಿಕೆಯ ಮಾತಲ್ಲ, ನಡತೆಯ ಮಾತು ಎಂಬ ಅರಿವು ಇಲ್ಲಿಂದ ಮೊದಲಾಯಿತು.

ಇಷ್ಟಾದರೂ, ಇವೆಲ್ಲವನ್ನೂ ಓದಿ ಖಾಲಿ ಹಾಳೆಯ ಮುಂದೆ ಕುಳಿತವನಿಗೆ ಮೊದಲನೆಯ ಆಬ್ಜೆಕ್ಟು ಯಾವುದೆಂಬುದೇ ಹೊಳೆಯದೆ ಹೋಗುವ ಕಷ್ಟ ಹಾಗೆಯೇ ಉಳಿದಿತ್ತು. ಅದಕ್ಕೆ ಪರಿಹಾರವನ್ನು ಸೂಚಿಸಿದವರು ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್. 1989ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ನಡೆದ ಊಪ್ಸ್‌ಲಾದಲ್ಲಿ ಅವರು ಓದಿದ ಪ್ರಬಂಧದ ಸಲಕರಣೆ ಯಾವ ಯಂತ್ರವೂ ಅಲ್ಲ. ನಾಲ್ಕು ಅಂಗುಲಕ್ಕೆ ಆರು ಅಂಗುಲದ ಒಂದು ಕಟ್ಟು ದಪ್ಪ ಕಾಗದದ ಚೀಟಿಗಳು. ಚೀಟಿಯ ತಲೆಯಲ್ಲಿ ಕ್ಲಾಸಿನ ಹೆಸರು, ಎಡಕ್ಕೆ ಅದರ ಹೊಣೆಗಳು, ಬಲಕ್ಕೆ ಆ ಹೊಣೆಗಳನ್ನು ನೆರವೇರಿಸಲು ಅದು ಯಾರ ಸಹಾಯವನ್ನು ಬೇಡುತ್ತದೆಯೋ ಆ ಸಹಕಾರಿಗಳು, ಇಷ್ಟೇ ಬರವಣಿಗೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಚೀಟಿಯನ್ನು ಹಿಡಿದು, ‘ಗಿರಾಕಿ ಹಣವನ್ನು ಕೇಳಿದ, ಈಗ ಯಾರು ಏನು ಮಾಡುತ್ತೀರಿ?’ ಎಂದು ಸನ್ನಿವೇಶವನ್ನು ಅಭಿನಯಿಸುತ್ತ ಹೋದರೆ, ಯಾವ ಚೀಟಿಯ ಮೇಲೆ ಹೊಣೆಯ ಭಾರ ಮಿತಿಮೀರಿ ಬಿದ್ದಿದೆ, ಯಾವುದು ಕೆಲಸವಿಲ್ಲದೆ ಸುಮ್ಮನೆ ಕುಳಿತಿದೆ ಎಂಬುದು ತಾನಾಗಿಯೇ ಕಣ್ಣಿಗೆ ಕಾಣುತ್ತದೆ. ಚೀಟಿ ಚಿಕ್ಕದಾಗಿರುವುದರಲ್ಲಿಯೂ ಒಂದು ನೀತಿಯುಂಟು. ಒಂದು ಚೀಟಿಯಲ್ಲಿ ಹಿಡಿಸಲಾರದಷ್ಟು ಹೊಣೆ ಒಂದು ಕ್ಲಾಸಿಗೆ ಇರಬಾರದು. ರೆಬೆಕಾ ವಿರ್ಫ್ಸ್-ಬ್ರಾಕ್ ಅವರು ಇಬ್ಬರು ಸಹಲೇಖಕರೊಡನೆ 1990ರಲ್ಲಿ ಹೊರತಂದ ‘ಡಿಸೈನಿಂಗ್ ಆಬ್ಜೆಕ್ಟ್-ಓರಿಯೆಂಟೆಡ್ ಸಾಫ್ಟ್‌ವೇರ್’ ಈ ದೃಷ್ಟಿಯನ್ನೇ ಪೂರ್ಣಗ್ರಂಥವಾಗಿ ವಿಸ್ತರಿಸಿತು. ಆಬ್ಜೆಕ್ಟಿನಲ್ಲಿ ಏನೇನು ಮಾಹಿತಿಯಿದೆ ಎಂದು ಕೇಳುವುದಕ್ಕಿಂತ ಮೊದಲು ಅದು ಯಾವುದಕ್ಕೆ ಉತ್ತರವಾದಿ ಎಂದು ಕೇಳಬೇಕೆಂಬ ಈ ಪಾಠಕ್ಕಿಂತ ಬೆಲೆಯುಳ್ಳದ್ದು ಈ ಕ್ಷೇತ್ರದಲ್ಲಿ ಬೇರೆ ಇಲ್ಲವೆಂದೇ ನಾನು ನಂಬಿದ್ದೇನೆ.

ಇದಾದ ಕೆಲವು ವರ್ಷಗಳು ಚಿತ್ರಸಂಕೇತಗಳ ಕಾಲ. ಗ್ರೇಡಿ ಬೂಚ್, ಜೇಮ್ಸ್ ರಂಬಾ, ಇವಾರ್ ಯಾಕೊಬ್ಸನ್ ಅವರು 1991 ಮತ್ತು 1992ರಲ್ಲಿ ಬರೆದ ಗ್ರಂಥಗಳು ತಮ್ಮ ತಮ್ಮ ರೇಖಾಪದ್ಧತಿಗಳನ್ನು ಪ್ರತಿಪಾದಿಸಿದವು. ಮೂವರೂ ಒಂದುಗೂಡಿ ಸಿದ್ಧಪಡಿಸಿದ ಯುಎಮ್ಎಲ್ ಎಂಬ ರೇಖಾಪದ್ಧತಿ 1997ರಲ್ಲಿ ಪ್ರಮಾಣವೆಂದು ಅಂಗೀಕೃತವಾಯಿತು. ಬೂಚ್ ಅವರ ಪುಸ್ತಕದಲ್ಲಿ ಚಿಂತನೆಯ ಭಾಗ ಸಾಕಷ್ಟಿದ್ದರೂ, ಒಟ್ಟಿನಲ್ಲಿ ಪೆಟ್ಟಿಗೆಗಳನ್ನೂ ಬಾಣಗಳನ್ನೂ ಬರೆಯುವ ನೈಪುಣ್ಯವನ್ನೇ ವಿನ್ಯಾಸದ ನೈಪುಣ್ಯವೆಂದು ತಿಳಿಯುವ ಭ್ರಮೆಗೆ ಆ ಕಾಲ ದಾರಿಮಾಡಿಕೊಟ್ಟಿತು. 1997ರಲ್ಲಿಯೇ ಬಂದ ಕ್ರೇಗ್ ಲಾರ್ಮನ್ ಅವರ ‘ಅಪ್ಲೈಯಿಂಗ್ ಯುಎಮ್ಎಲ್ ಆ್ಯಂಡ್ ಪ್ಯಾಟರ್ನ್ಸ್’ ಮಾತ್ರ, ಹೊಣೆಯನ್ನು ಹಂಚುವ ನಿಯಮಗಳನ್ನು ಚಿತ್ರಗಳೊಡನೆ ಕ್ರಮವಾಗಿ ಹೆಣೆದು ಕಲಿಸಿದುದರಿಂದ, ಇಂದಿಗೂ ಓದಲು ಯೋಗ್ಯವಾಗಿದೆ.

1994ರ ಕೊನೆಯಲ್ಲಿ ಪ್ರಕಟವಾದ ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಗ್ರಂಥದ ಪ್ರಭಾವಕ್ಕೆ ಸಮಾನವಾದುದು ಈ ಸಾಹಿತ್ಯದಲ್ಲಿ ಮತ್ತೊಂದಿಲ್ಲ. ಎರಿಕ್ ಗ್ಯಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡಿಸ್ ಎಂಬ ನಾಲ್ವರು, ಅನುಭವಿಗಳಾದ ವಿನ್ಯಾಸಕಾರರ ಕೃತಿಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುವ 23 ರಚನೆಗಳನ್ನು ಆಯ್ದು, ಒಂದೊಂದಕ್ಕೂ ಹೆಸರಿಟ್ಟು, ಅದು ಯಾವ ಸಂದರ್ಭದಲ್ಲಿ ಸಲ್ಲುತ್ತದೆ, ಅದರಿಂದ ಬರುವ ಲಾಭವೇನು, ತೆರಬೇಕಾದ ಬೆಲೆಯೇನು ಎಂಬುದನ್ನು ನಿರೂಪಿಸಿದರು. ಈ ಬಗೆಯ ನಿರೂಪಣೆಯ ಮಾದರಿ ಅವರಿಗೆ ದೊರೆತದ್ದು ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಗ್ಸಾಂಡರ್ ಅವರ 1977ರ ಕೃತಿಯಿಂದ. ಹೆಸರುಗಳು ಬಂದುದರಿಂದ ವಿನ್ಯಾಸಕಾರರಿಗೆ ಪರಸ್ಪರ ಮಾತಾಡಲು ಒಂದು ಸಮಾನ ಪರಿಭಾಷೆ ದೊರೆಯಿತು. ಇದು ಅಲ್ಪವಾದ ಉಪಕಾರವಲ್ಲ. ಆದರೆ ಆ ಗ್ರಂಥವನ್ನು ಬಹುಜನ ಓದಿದ ರೀತಿ ಗ್ರಂಥಕರ್ತರ ಆಶಯಕ್ಕೆ ನ್ಯಾಯ ಸಲ್ಲಿಸಲಿಲ್ಲ. ಇನ್‌ಹೆರಿಟೆನ್ಸಿಗಿಂತ ಆಬ್ಜೆಕ್ಟುಗಳ ಸಂಯೋಜನೆಯನ್ನೇ ಹೆಚ್ಚಾಗಿ ನೆಚ್ಚಬೇಕೆಂದು ಬೋಧಿಸುವ ಮೊದಲನೆಯ ಅಧ್ಯಾಯವನ್ನೂ, ಲೆಕ್ಸಿ ಎಂಬ ಬರವಣಿಗೆಯ ಸಾಧನವೊಂದನ್ನು ಕಟ್ಟುತ್ತ ಸಮಸ್ಯೆಯಿಂದ ಪ್ಯಾಟರ್ನಿನ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ನಡೆಸುವ ಎರಡನೆಯ ಅಧ್ಯಾಯವನ್ನೂ ಹಾರಿಸಿಬಿಟ್ಟು, ಅವುಗಳ ಮುಂದಿನ ಪಟ್ಟಿಯನ್ನು ಮಾತ್ರ ಉರುಹಚ್ಚುವ ಅಭ್ಯಾಸ ಎಲ್ಲೆಡೆ ಹಬ್ಬಿತು. ನಮ್ಮ ಬೆಂಗಳೂರಿನ ಕಂಪೆನಿಗಳ ಸಂದರ್ಶನಗಳಲ್ಲಿ, ಆ ಪಟ್ಟಿಯಲ್ಲೊಂದಾದ ಸಿಂಗಲ್‌ಟನ್ ಎಂದರೇನೆಂಬ ಪ್ರಶ್ನೆ ಸರ್ವೇಸಾಮಾನ್ಯ; ಅದನ್ನು ಯಾವಾಗ ಬಳಸಬಾರದು ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತ. ಈ ಗ್ರಂಥವನ್ನು ಕೈಗೆತ್ತಿಕೊಳ್ಳುವವರು ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿ, ಉಳಿದುದನ್ನು ಅಗತ್ಯ ಬಿದ್ದಾಗ ತೆರೆದು ನೋಡುವುದು ಮೇಲು. ಇದರ ಗಾಂಭೀರ್ಯದಿಂದ ಹಿಂಜರಿಯುವವರಿಗೆ, 2004ರಲ್ಲಿ ಬಂದ ‘ಹೆಡ್ ಫಸ್ಟ್ ಡಿಸೈನ್ ಪ್ಯಾಟರ್ನ್ಸ್’ ಒಳ್ಳೆಯ ಪ್ರವೇಶದ್ವಾರ. ಬಾತುಕೋಳಿಗಳ ಮೂಲ ಕ್ಲಾಸಿಗೆ ಹಾರುವ ಶಕ್ತಿಯನ್ನು ಸೇರಿಸಿದ ಕೂಡಲೆ ರಬ್ಬರಿನ ಬಾತುಕೋಳಿಯೂ ಹಾರತೊಡಗುವ ಅದರ ಮೊದಲನೆಯ ಪ್ರಸಂಗ, ಇನ್‌ಹೆರಿಟೆನ್ಸಿನ ಅಪಾಯವನ್ನು ಮರೆಯಲಾಗದಂತೆ ಮನಸ್ಸಿಗೆ ಮುಟ್ಟಿಸುತ್ತದೆ.

ಪ್ಯಾಟರ್ನುಗಳ ಗ್ರಂಥ ತೋರಿಸುವುದು ಬಹುಮಟ್ಟಿಗೆ ತಲುಪಬೇಕಾದ ಊರನ್ನು. ಅಲ್ಲಿಗೆ ಹೋಗುವ ದಾರಿಯನ್ನು ತೋರಿಸಿದ್ದು ರಿಫ್ಯಾಕ್ಟರಿಂಗ್, ಎಂದರೆ ಹೊರಗಿನ ನಡತೆ ಕೆಡದಂತೆ ಕೋಡಿನ ಒಳರಚನೆಯನ್ನು ತಿದ್ದುವ ವಿದ್ಯೆಯ ಸಾಹಿತ್ಯ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ರಾಲ್ಫ್ ಜಾನ್ಸನ್ ಅವರ ಶಿಷ್ಯರಾದ ವಿಲಿಯಂ ಆಪ್‌ಡೈಕ್ 1992ರಲ್ಲಿ ಸಲ್ಲಿಸಿದ ಮಹಾಪ್ರಬಂಧದಲ್ಲಿ ಶಾಸ್ತ್ರೀಯವಾಗಿ ನಿರೂಪಿತವಾದ ಈ ವಿದ್ಯೆಯನ್ನು, ಮಾರ್ಟಿನ್ ಫೌಲರ್ 1999ರ ತಮ್ಮ ‘ರಿಫ್ಯಾಕ್ಟರಿಂಗ್’ ಗ್ರಂಥದಲ್ಲಿ ಎಲ್ಲರಿಗೂ ಎಟಕುವಂತೆ ಮಾಡಿದರು. ಆ ಪುಸ್ತಕ ವ್ಯಾಖ್ಯೆಗಳಿಂದ ಪ್ರಾರಂಭವಾಗುವುದಿಲ್ಲ. ವಿಡಿಯೋ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಲೆಕ್ಕಪತ್ರವನ್ನು ಮುದ್ರಿಸುವ ಒಂದು ಒರಟಾದ ಪ್ರೋಗ್ರಾಮಿನಿಂದ ಪ್ರಾರಂಭವಾಗುತ್ತದೆ. ಆ ಪ್ರೋಗ್ರಾಮು ಸರಿಯಾದ ಫಲವನ್ನೇ ಕೊಡುತ್ತಿದೆ. ಆದರೆ ಅದೇ ಲೆಕ್ಕವನ್ನು ಇನ್ನೊಂದು ರೂಪದಲ್ಲಿ ಮುದ್ರಿಸಬೇಕೆಂಬ ಹೊಸ ಬೇಡಿಕೆ ಬಂದಾಗ ಅದರ ದೌರ್ಬಲ್ಯ ಬಯಲಾಗುತ್ತದೆ. ಅಲ್ಲಿಂದ ಮುಂದೆ ಲೇಖಕರು ಹೊರಗಿನ ನಡತೆಯನ್ನು ಕಿಂಚಿತ್ತೂ ಕದಲಿಸದೆ, ಒಂದು ಹೆಜ್ಜೆ ಇಟ್ಟು, ಪರೀಕ್ಷೆಗಳನ್ನು ಓಡಿಸಿ ನೋಡಿ, ಮತ್ತೊಂದು ಹೆಜ್ಜೆ ಇಟ್ಟು, ಉದ್ದವಾದ ಮೆಥಡ್ ಒಂದರಲ್ಲಿ ತುಂಬಿಕೊಂಡಿದ್ದ ಲೆಕ್ಕಾಚಾರವನ್ನು ಅದು ಸೇರಬೇಕಾದ ಆಬ್ಜೆಕ್ಟುಗಳಿಗೆ ಹಂಚುತ್ತ ಹೋಗುತ್ತಾರೆ. ವಿನ್ಯಾಸವೆಂಬುದು ಪ್ರಾರಂಭದಲ್ಲಿ ಒಮ್ಮೆ ಮಾಡಿ ಮುಗಿಸುವ ಕರ್ಮವಲ್ಲ, ಪ್ರೋಗ್ರಾಮು ಬದುಕಿರುವಷ್ಟು ಕಾಲವೂ ನಡೆಯುವ ವ್ಯವಸಾಯವೆಂಬುದು ಓದುಗನಿಗೆ ಉಪದೇಶವಿಲ್ಲದೆಯೇ ವೇದ್ಯವಾಗುತ್ತದೆ. ಜಾವಾದಲ್ಲಿದ್ದ ಉದಾಹರಣೆಗಳು 2018ರ ಎರಡನೆಯ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟಿಗೆ ಬದಲಾದವು, ವಿಡಿಯೋ ಅಂಗಡಿಯ ಸ್ಥಾನಕ್ಕೆ ನಾಟಕ ಕಂಪೆನಿಯೊಂದರ ಬಿಲ್ಲುಗಳು ಬಂದವು. ಪಾಠ ಮಾತ್ರ ಬದಲಾಗಲಿಲ್ಲ.

ಹೀಗೆ ಧೈರ್ಯವಾಗಿ ಬದಲಾಯಿಸಬೇಕಾದರೆ ಪರೀಕ್ಷೆಗಳ ಕಾವಲು ಇರಬೇಕಷ್ಟೆ. 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕುಳಿತು ಬೆಕ್ ಮತ್ತು ಗ್ಯಾಮಾ ಬರೆಯತೊಡಗಿದ ಜೆಯೂನಿಟ್ ಎಂಬ ಚಿಕ್ಕ ಪರೀಕ್ಷಾಸಾಧನ, ತಾನೇ ಒಂದು ಉತ್ತಮ ಪಠ್ಯವೂ ಆಯಿತು; ಅದರ ಒಳರಚನೆಯನ್ನು ಪ್ಯಾಟರ್ನ್ ಪ್ಯಾಟರ್ನಾಗಿ ಬಿಡಿಸಿ ತೋರಿಸುವ ಅವರ ಬರಹವನ್ನು ಮೂಲ ಕೋಡಿನೊಡನೆ ಇಟ್ಟುಕೊಂಡು ಓದಬೇಕು. ಸ್ಟೀವ್ ಫ್ರೀಮನ್ ಮತ್ತು ನ್ಯಾಟ್ ಪ್ರೈಸ್ ಅವರ 2009ರ ‘ಗ್ರೋಯಿಂಗ್ ಆಬ್ಜೆಕ್ಟ್-ಓರಿಯೆಂಟೆಡ್ ಸಾಫ್ಟ್‌ವೇರ್, ಗೈಡೆಡ್ ಬೈ ಟೆಸ್ಟ್ಸ್’ ಈ ಧಾರೆಯ ಪ್ರೌಢ ಕೃತಿ. ಹರಾಜಿನಲ್ಲಿ ತಾನಾಗಿಯೇ ಸವಾಲು ಕೂಗುವ ಪ್ರೋಗ್ರಾಮೊಂದನ್ನು, ಪರೀಕ್ಷೆಯನ್ನು ಮುಂದಿಟ್ಟುಕೊಂಡು, ತಪ್ಪು ದಾರಿಗಳನ್ನೂ ಮುಚ್ಚಿಡದೆ, ಅಧ್ಯಾಯದಿಂದ ಅಧ್ಯಾಯಕ್ಕೆ ಬೆಳೆಸುವ ಅವರ ತಾಳ್ಮೆ ಶ್ಲಾಘನೀಯವಾದುದು. ಪರೀಕ್ಷೆಗಳೇ ಇಲ್ಲದ ಹಳೆಯ ಕೋಡನ್ನು ಎದುರಿಸಬೇಕಾದವರಿಗೆ, ಎಂದರೆ ಉದ್ಯೋಗದಲ್ಲಿರುವ ಬಹುಮಂದಿಗೆ, ಮೈಕೆಲ್ ಫೆದರ್ಸ್ ಅವರ 2004ರ ಗ್ರಂಥ ಅನಿವಾರ್ಯ.

ರಾಬರ್ಟ್ ಮಾರ್ಟಿನ್ ಅವರ 2002ರ ಗ್ರಂಥದಲ್ಲಿ ವಿವರಿಸಲ್ಪಟ್ಟು, ಸಾಲಿಡ್ ಎಂಬ ಹ್ರಸ್ವನಾಮದಿಂದ ಲೋಕಪ್ರಸಿದ್ಧವಾದ ಐದು ತತ್ತ್ವಗಳನ್ನು ಇಲ್ಲಿ ದೀರ್ಘವಾಗಿ ಚರ್ಚಿಸುವ ಅಗತ್ಯವಿಲ್ಲ. ಮೆಯರ್, ಲಿಸ್ಕೋವ್ ಮೊದಲಾದವರ ವಿಚಾರಗಳನ್ನೂ ಒಳಗೊಂಡ ಆ ಸಂಗ್ರಹ ನೆನಪಿನ ಸಹಾಯಕ್ಕೆ ಒಳ್ಳೆಯದು. ಮೂಲಗಳನ್ನು ಓದದೆ ಸಂಗ್ರಹವನ್ನೇ ಶಾಸನವಾಗಿ ಹಿಡಿದವರು, ಎರಡು ಸಾಲಿನ ಕೆಲಸಕ್ಕೆ ಐದು ಕ್ಲಾಸುಗಳನ್ನು ಕಟ್ಟುವುದನ್ನು ಕಾಣುತ್ತೇವೆ. ಜಾಶುವಾ ಬ್ಲಾಕ್ ಅವರ ‘ಎಫೆಕ್ಟಿವ್ ಜಾವಾ’ 2001ರಿಂದ ಮೂರು ಆವೃತ್ತಿಗಳನ್ನು ಕಂಡ ವಿವೇಕಪೂರ್ಣ ಕೃತಿ. ಜಾವಾ ಬಳಸುವವರ ಮೇಜಿನ ಮೇಲೆ ಅದು ಇರಲೇಬೇಕು.

ಶಿಕ್ಷಕರ ಕಡೆಯಿಂದ ಬಂದ ಪ್ರಯತ್ನಗಳಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದುದು ಬ್ಲೂಜೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದಲ್ಲಿ ಮಿಖಾಯೆಲ್ ಕೋಲಿಂಗ್ ಮತ್ತು ಜಾನ್ ರೋಸೆನ್‌ಬರ್ಗ್ ರೂಪಿಸಿದ ಈ ಪರಿಸರದಲ್ಲಿ, ವಿದ್ಯಾರ್ಥಿ ಕ್ಲಾಸಿನಿಂದ ಆಬ್ಜೆಕ್ಟುಗಳನ್ನು ಪರದೆಯ ಮೇಲೆಯೇ ಹುಟ್ಟಿಸಿ, ಒಂದೊಂದನ್ನೂ ಮಾತಾಡಿಸಿ ನೋಡಬಹುದು. ಕೋಲಿಂಗ್ ಅವರು ಡೇವಿಡ್ ಬಾರ್ನ್ಸ್ ಅವರೊಡನೆ ಬರೆದ ‘ಆಬ್ಜೆಕ್ಟ್ಸ್ ಫಸ್ಟ್ ವಿತ್ ಜಾವಾ’ದಲ್ಲಿ ಜೂಲ್ ಎಂಬ ಸಾಹಸದ ಆಟದ ಪ್ರೋಗ್ರಾಮೊಂದಿದೆ, ಅದರ ಒಂದು ರೂಪವನ್ನು ಬೇಕೆಂದೇ ಕೆಟ್ಟದಾಗಿ ಬರೆದು, ಹಾಗೆಂದೇ ಹೆಸರಿಟ್ಟು ವಿದ್ಯಾರ್ಥಿಯ ಕೈಗೆ ಕೊಡಲಾಗಿದೆ. ನಾಲ್ಕು ದಿಕ್ಕುಗಳಿರುವ ಆ ಆಟಕ್ಕೆ ಮೇಲೆ, ಕೆಳಗೆ ಎಂಬ ಎರಡು ದಿಕ್ಕುಗಳನ್ನು ಸೇರಿಸಲು ಹೊರಟವನು ಎಷ್ಟು ಕಡೆ ತಿದ್ದಬೇಕಾಯಿತೆಂಬುದನ್ನು ಸ್ವತಃ ಅನುಭವಿಸುತ್ತಾನೆ. ಪಾರ್ನಸ್ 1972ರಲ್ಲಿ ಹೇಳಿದ ಮಾತು ಇಲ್ಲಿ ಒಂದು ಮಧ್ಯಾಹ್ನದ ಪಾಠವಾಗಿ ಮಾರ್ಪಟ್ಟಿದೆ. ಸ್ಯಾಂಡಿ ಮೆಟ್ಜ್ ಅವರ 2012ರ ರೂಬಿ ಭಾಷೆಯ ಗ್ರಂಥವೂ, ಅವರು ಕತ್ರೀನಾ ಓವೆನ್ ಅವರೊಡನೆ ಬರೆದ ‘99 ಬಾಟಲ್ಸ್ ಆಫ್ ಓಓಪಿ’ಯೂ ಇದೇ ಸಂಪ್ರದಾಯದ ಸುಂದರ ಫಲಗಳು. ಒಂದು ಮಕ್ಕಳಾಟದಂಥ ಹಾಡನ್ನು ಮುದ್ರಿಸುವ ಪ್ರೋಗ್ರಾಮನ್ನು ಮೊದಲು ಅತಿ ಸರಳವಾಗಿ ಬರೆದು, ಹೊಸ ಬೇಡಿಕೆ ಬರುವವರೆಗೆ ಅದನ್ನು ಮುಟ್ಟದೆ, ಬಂದ ಮೇಲೆ ಸಣ್ಣ ಸಣ್ಣ ಹೆಜ್ಜೆಗಳಿಂದ ತಿದ್ದುವ ಆ ಸಂಯಮವೇ ಎರಡನೆಯದರ ಬೋಧೆ. ಓವೆನ್ ಅವರು 2013ರಲ್ಲಿ ಸ್ಥಾಪಿಸಿದ ಎಕ್ಸರ್ಸಿಸಂ ಎಂಬ ಜಾಲತಾಣದಲ್ಲಿ ಹಲವಾರು ಭಾಷೆಗಳ ಅಭ್ಯಾಸಗಳು ಉಚಿತವಾಗಿ ದೊರೆಯುತ್ತವೆ.

ನಮ್ಮ ನಾಡಿನ ಸ್ಥಿತಿಯನ್ನು ಕುರಿತು ಒಂದೆರಡು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಈ ವಿದ್ಯೆಯ ಹೆಸರು ದ್ವಿತೀಯ ಪಿಯುಸಿಯ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿಯೇ ಬಹುಕಾಲ ಸಿ ಪ್ಲಸ್ ಪ್ಲಸ್ ಮೂಲಕ ವಿದ್ಯಾರ್ಥಿಗಳ ಕಿವಿಗೆ ಬೀಳುತ್ತಿತ್ತು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಾಲಗುರುಸ್ವಾಮಿಯವರ ಪುಸ್ತಕ ತಲೆಮಾರುಗಳಿಗೆ ಮೊದಲ ಗುರುವಾಯಿತು. ಆ ಪುಸ್ತಕಗಳು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿವೆ. ಎನ್‌ಪಿಟಿಇಎಲ್ ಎಂಬ ಅಂತರ್ಜಾಲ ಶಿಕ್ಷಣ ಯೋಜನೆಯ ಮೂಲಕ ಐಐಟಿಗಳ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಉಪನ್ಯಾಸಗಳು ಈಗ ಸಣ್ಣ ಊರಿನ ವಿದ್ಯಾರ್ಥಿಗೂ ಲಭ್ಯವಾಗಿರುವುದು ನಿಜವಾದ ಸಂಪತ್ತು. ಕೊರತೆಯಿರುವುದು ಪರೀಕ್ಷೆಯ ಕ್ರಮದಲ್ಲಿ. ಎನ್‌ಕ್ಯಾಪ್ಸುಲೇಷನ್, ಪಾಲಿಮಾರ್ಫಿಸಂ ಮೊದಲಾದವುಗಳ ವ್ಯಾಖ್ಯೆಯನ್ನು ಬರೆದವನಿಗೆ ಅಂಕ ಸಿಗುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಪ್ರೋಗ್ರಾಮನ್ನು ಬರೆದು, ಓಡಿಸಿ ತೋರಿಸಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡ ಮೇಲೆ ಅದರ ಮುಖವನ್ನು ಮತ್ತೆ ನೋಡಬೇಕಾಗಿಲ್ಲ. ಶಬ್ದಮಣಿದರ್ಪಣದ ಸೂತ್ರಗಳೆಲ್ಲ ಕಂಠಸ್ಥವಾಗಿದ್ದವನು ಒಂದು ಕಂದಪದ್ಯವನ್ನು ಕಟ್ಟಲಾರದೆ ಹೋಗುವಂತೆ, ಹೀಗೆ ಕಲಿತು ಉತ್ತೀರ್ಣನಾದವನು ಉದ್ಯೋಗಕ್ಕೆ ಸೇರಿ, ಬೇರೊಬ್ಬರು ಬರೆದ ಲಕ್ಷಾಂತರ ಸಾಲುಗಳ ಮುಂದೆ ಮೊದಲ ದಿನವೇ ಕಂಗೆಡುತ್ತಾನೆ.

ಆದುದರಿಂದ ಸ್ವಂತವಾಗಿ ಮುಂದುವರಿಯಬಯಸುವ ಅಭ್ಯಾಸಿಗೆ ನನ್ನ ಸಲಹೆ ಇಷ್ಟು: ಪುಸ್ತಕಗಳ ರಾಶಿ ಬೇಡ, ಪಾರ್ನಸ್ ಅವರ ಲೇಖನ, ಬೆಕ್ ಮತ್ತು ಕನಿಂಗ್‌ಹ್ಯಾಮರ ಚೀಟಿಗಳ ಪ್ರಬಂಧ, ಫೌಲರ್ ಅವರ ಮೊದಲನೆಯ ಅಧ್ಯಾಯ, ಮೆಟ್ಜ್ ಅವರ ಒಂದು ಗ್ರಂಥ, ಇವಿಷ್ಟನ್ನು ಕೋಡನ್ನು ಸ್ವತಃ ಬೆರಳಿನಿಂದ ಬಡಿಯುತ್ತ ಒಂದು ವರ್ಷ ಓದಿದರೆ, ಉಳಿದವುಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಶಕ್ತಿ ಬರುತ್ತದೆ. ಅಧ್ಯಾಪಕ ಮಿತ್ರರಲ್ಲಿಯೂ ಒಂದು ವಿನಂತಿಯುಂಟು. ವಿದ್ಯಾರ್ಥಿ ಈ ವಾರ ಬರೆದು ಮುಗಿಸಿದ ಪ್ರೋಗ್ರಾಮನ್ನು ಮುಂದಿನ ವಾರ ಅವನ ಪಕ್ಕದವನಿಗೆ ಕೊಟ್ಟು, ಒಂದು ಹೊಸ ಬೇಡಿಕೆಯನ್ನು ಸೇರಿಸಿ, ಅದನ್ನು ಬದಲಾಯಿಸಿ ತರಲು ಹೇಳಿ. ಇದಕ್ಕೆ ಹೊಸ ಪಠ್ಯಪುಸ್ತಕವೂ ಬೇಕಾಗಿಲ್ಲ, ಹೊಸ ಯಂತ್ರವೂ ಬೇಕಾಗಿಲ್ಲ, ಪಠ್ಯಕ್ರಮದ ಸಮಿತಿ ಸೇರುವವರೆಗೆ ಕಾಯಬೇಕಾಗಿಯೂ ಇಲ್ಲ.